ಅಜ್ಜಿಯ ಬಾಯಿಗೆ ಬಾರದ ಹೆಸರು

ಮರಾಠಿ ಸೀಮೆಯ ನಿಗಡಿಯಲ್ಲಿರುವ ನಮ್ಮ ಕಟ್ಟಡದ ಲಿಫ್ಟಿನಲ್ಲಿ ಇವತ್ತು ಫಿನಾಯಿಲ್ ಕೊಂಚ ಹೆಚ್ಚೇ ಸುರಿದಿದ್ದರು. ಆ ವಾಸನೆಗೆ ನಿಮಗೆ ಆಸ್ಪತ್ರೆ ನೆನಪಾಗಬಹುದು. ನನಗೆ ಮಕ್ಕಳ ಕಲ್ಯಾಣ ಸಮಿತಿಯ ಕೋಣೆ. ಹೆತ್ತವರಿಂದ ಬಿಡಿಸಿ ಬಾಲಗೃಹದಲ್ಲಿಟ್ಟ ಮಕ್ಕಳು ಮುಂದೆ ಎಲ್ಲಿರಬೇಕೆಂದು ಅಲ್ಲಿ ತೀರ್ಮಾನಿಸುತ್ತಾರೆ. ಕನ್ನಡವಷ್ಟೇ ಬಲ್ಲ ಮಕ್ಕಳು ಬಂದರೆ ಅನುವಾದಕ್ಕೆ ನನ್ನನ್ನು ಕರೆಯುತ್ತಾರೆ. ನನ್ನ ಮರಾಠಿಯನ್ನು ನಂಬಿದವರು ಅವರು ಮಾತ್ರ. ತರಕಾರಿಯವನು ಇನ್ನೂ ನಂಬಿಲ್ಲ.

ಮೊದಲ ಸಲ ಹೋದದ್ದು ಬಸವರಾಜನಿಗಾಗಿ. ಆರು ವರ್ಷದವನು. ತಾಯಿ ಇರಲಿಲ್ಲ, ಕುಡಿದು ಹೊಡೆಯುತ್ತಿದ್ದ ಅಪ್ಪನಿಂದ ಬಿಡಿಸಿ ತಂದಿದ್ದರು. ಬಾಲಗೃಹಕ್ಕೆ ಬಂದ ಮೇಲೆ ಒಂದು ಮಾತೂ ಆಡಿರಲಿಲ್ಲ. ಅವನನ್ನು ಕರೆದೊಯ್ಯಲು ಊರಿನ ಇನ್ನೊಂದು ತುದಿಯ ಕೊಂಢವಾದಿಂದ ಅಪ್ಪನ ತಾಯಿ ಬಂದಿದ್ದಳು. ಮೂಲತಃ ಇಂಡಿ ಕಡೆಯ ಮುದುಕಿ, ತಲೆಯ ಮೇಲೆ ಸೆರಗು. ಕಾಗದಪತ್ರ ಸರಿಯಿದ್ದರೂ ಬಾಯಿಂದ ಕೇಳಿ ತಿಳಿಯುವುದು ಸಮಿತಿಯ ಪದ್ಧತಿ.

ಅಧ್ಯಕ್ಷೆ ಕೇಳಿದ್ದನ್ನು ನಾನು ಕನ್ನಡದಲ್ಲಿ ಹೇಳಿದೆ: “ಅಜ್ಜೀ, ಮೊಮ್ಮಗನ ಹೆಸರೇನ್ರಿ?”

“ನಮ್ಮ ಯಪ್ಪ.”

“ಖರೇ ಹೆಸರು ಹೇಳ್ರಿ.”

“ಅಲ್ಲೇ ಬರದದಲ್ರಿ, ಓದ್ಕೋರಿ.”

ಸದಸ್ಯರು ಮುಖ ಮುಖ ನೋಡಿಕೊಂಡರು. ಹೆಸರೇ ಹೇಳಲಾರದ ಅಜ್ಜಿಯ ಕೈಗೆ ಮೊಮ್ಮಗನನ್ನು ಕೊಡುವುದು ಹೇಗೆ? ಒಬ್ಬರು ಕಡತ ಮುಚ್ಚಿದರು.

“ಅಜ್ಜೀ, ಹೇಳದಿದ್ರ ಹುಡುಗನ್ನ ಕೊಡೂದಿಲ್ರಿ!”

“ಎಂಥಾ ಮನಷ್ಯಾ ಇದ್ದೀಯೋ ತಮ್ಮಾ! ಅವಂಗ ಅಜ್ಜನ ಹೆಸರು ಇಟ್ಟೇವಿ. ಇಷ್ಟು ಮಂದಿ ಮುಂದ ಗಂಡನ ಹೆಸರು ಹ್ಯಾಂಗ ಹೇಳ್ಲಿ?”

ನನಗೆ ಹೊಳೆಯಬೇಕಿತ್ತು. ನಮ್ಮ ಮನೆಯಲ್ಲಿ ನನ್ನ ಹೆಸರು ಕೇಳಿಬರುವುದು ಕೊರಿಯರಿನವನ ಬಾಯಿಂದ ಮಾತ್ರ.

ತಡವರಿಸುತ್ತ ಅಜ್ಜಿಯ ಮಾತನ್ನು ಮರಾಠಿಗೆ ತಿರುಗಿಸಿದೆ. ಅಧ್ಯಕ್ಷೆಯ ಮುಖ ಅರಳಿತು. “ಆಜೀ, ಉಖಾಣಾ ಘ್ಯಾ!” ಅಂದರೆ ನಮ್ಮ ಒಡಪು, ಗಂಡನ ಹೆಸರನ್ನು ಪದ್ಯದಲ್ಲಿ ಸೇರಿಸಿ ಹೇಳುವುದು. ಅದಕ್ಕೆ ಅನುವಾದ ಬೇಕಾಗಲಿಲ್ಲ. ಅಜ್ಜಿ ಸೆರಗು ಸರಿಮಾಡಿಕೊಂಡು ಎದ್ದು ನಿಂತಳು:

“ಹಿತ್ತಲದಾಗ ಹೀರಿಕಾಯಿ, ಮಾಳಿಗಿ ಮ್ಯಾಲ ಮೆಣಸಿನಕಾಯಿ,
ಬಸವರಾಜರು ಮನಿಗೆ ಬಂದ್ರ ರೊಟ್ಟಿಗೆ ಬೇಕು ಹಾಗಲಕಾಯಿ!”

“ಹಾಗಲಕಾಯಿ ಅಜ್ಜಗ!” ಮೂಲೆಯ ಪುಟ್ಟ ಕುರ್ಚಿಯಿಂದ ಗದರಿಕೆ ಬಂತು. “ನನಗ ಬದನಿಕಾಯಿ ಅನ್ನಬೇಕು!”

ಕೋಣೆಯೆಲ್ಲ ನಕ್ಕಿತು. ನಾನು ಅನುವಾದಿಸಲು ಬಾಯಿ ತೆರೆದೆ. ಅಧ್ಯಕ್ಷೆ ಬೇಡವೆಂದು ಕೈ ಎತ್ತಿದರು. ಕೊನೆಯ ಪ್ರಶ್ನೆಯನ್ನು ಮಾತ್ರ ನಗದೆ ಕೇಳಿದರು: ಹುಡುಗನ ಅಪ್ಪ ಬಂದರೆ?

“ನನ್ನ ಹೊಟ್ಟ್ಯಾಗ ಹುಟ್ಟಿದಂವ ಖರೆ,” ಎಂದಳು ಅಜ್ಜಿ. “ಆದ್ರೂ ಬಾಗಲಾ ತೆಗಿಯೂದಿಲ್ರಿ.”

ಇದನ್ನು ಒಂದಕ್ಷರ ಬಿಡದೆ ಮರಾಠಿಯಲ್ಲಿ ಹೇಳಿದೆ. ಆ ಸಂಜೆ ಬಸವರಾಜ ಅಜ್ಜಿಯ ಸೆರಗು ಹಿಡಿದು, ಬದನೆಕಾಯಿಯ ಜಗಳ ಮುಂದುವರಿಸುತ್ತ, ಮನೆಗೆ ಹೋದ.

ಅಂದಿನಿಂದ ನಾನು ಮಕ್ಕಳ ಹೆಸರು ಕೇಳುವುದಿಲ್ಲ. ಅದು ಕಡತದಲ್ಲಿ ಇದ್ದೇ ಇರುತ್ತದೆ. ಮನೆಯಲ್ಲಿ ಏನಂತ ಕರೆಯುತ್ತಾರೆ ಎಂದು ಕೇಳುತ್ತೇನೆ. ಇವತ್ತು ಲಿಫ್ಟಿನಿಂದಿಳಿದು ಹೋದದ್ದೂ ಅಲ್ಲಿಗೇ. ಎರಡು ಜಡೆಯ ಹುಡುಗಿಯೊಬ್ಬಳು ತುಸು ಯೋಚಿಸಿ, “ಮಂಗ್ಯಾ ಅಂತಾರ್ರಿ,” ಎಂದಳು. ನಾನು ನಕ್ಕೆ. ಅವಳೂ ನಕ್ಕಳು. ಆಮೇಲೆ ಕೋಣೆಯನ್ನೊಮ್ಮೆ ನೋಡಿ, ಮೆಲ್ಲಗೆ ಹೇಳಿದಳು:

“ಇಲ್ಲೆ ಎಲ್ಲಾರೂ ಹೆಸರು ಹಿಡಿದು ಕರೀತಾರ್ರಿ.”