ಸೀಮೆಬದನೆಕಾಯಿ ಹಾಕಿದ ರಾಮೆನ್

ಅವ್ವನಿಗೆ ಜ್ವರ ಬಿಟ್ಟಿತು. ಜ್ವರದ ಜೊತೆಗೆ ಅವಳು ಊಟವನ್ನೂ ಬಿಟ್ಟಳು. ಮುದ್ದೆ ಮುಂದಿಟ್ಟರೆ ಒಂದು ತುತ್ತು ಮುರಿದು ಸಾರಿನಲ್ಲಿ ಹೊರಳಿಸಿ ಅಲ್ಲೇ ಬಿಟ್ಟು ಕೈತೊಳೆಯುತ್ತಿದ್ದಳು. ಇಡ್ಲಿ ಬೇಡ, ಗಂಜಿ ಬೇಡ, ಬ್ರೆಡ್ಡು ಮೊದಲೇ ಬೇಡ. ಡಾಕ್ಟರು ಅವಳ ಕಣ್ಣ ರೆಪ್ಪೆ ಎಳೆದು ನೋಡಿ, "ಹಿಂಗೇ ಆದ್ರೆ ಅಡ್ಮಿಟ್ ಮಾಡಿ ಡ್ರಿಪ್ ಹಾಕ್ಬೇಕಾಗುತ್ತೆ ಕಣ್ರೀ. ಅವರಿಗೆ ಏನಿಷ್ಟವೋ ಅದನ್ನ ಕೊಡಿ, ತಿನ್ಲಿ" ಅಂದರು. ಏನಿಷ್ಟ ಅನ್ನುವುದು ಗೊತ್ತಿದ್ದರೆ ನಾನು ಅವರ ಹತ್ತಿರ ಯಾಕೆ ಹೋಗುತ್ತಿದ್ದೆ? ಆಸ್ಪತ್ರೆಯ ಮಂಚ ಅಂದರೆ ಅವ್ವನಿಗೆ ಸಾವಿನ ಮನೆ ಇದ್ದ ಹಾಗೆ. ಅಪ್ಪ ಅಲ್ಲಿಂದ ವಾಪಸ್ ಬರಲಿಲ್ಲ.

ಹಾಗಿರುವಾಗ ಒಂದು ಬೆಳಿಗ್ಗೆ ಅವ್ವ ತಾನಾಗಿಯೇ ಬಾಯಿಬಿಟ್ಟಳು. ನಾನು ಸೀರೆ ನೆರಿಗೆ ಹಿಡಿದು ಸ್ಕೂಲಿಗೆ ಹೊರಡುವ ಗಡಿಬಿಡಿಯಲ್ಲಿದ್ದೆ.

"ಸೀಮೆಬದ್ನೆಕಾಯಿ ತಿನ್ಬೇಕು ಅನ್ನುಸ್ತದೆ ಕಣವ್ವ."

ನನಗೆ ಆದ ಸಂತೋಷಕ್ಕೆ ನೆರಿಗೆ ಕೈಜಾರಿತು. ಸಾಯಂಕಾಲ ಸ್ಕೂಲಿನಿಂದ ನೇರ ದೇವರಾಜ ಮಾರ್ಕೆಟ್ಟಿಗೆ ಹೋಗಿ, ಉಗುರು ನೆಟ್ಟು ನೋಡಿ ಎಳೆಯ ಕಾಯಿಗಳನ್ನೇ ಆರಿಸಿ ತಂದೆ. ತೆಂಗಿನತುರಿ ಹಾಕಿ ಪಲ್ಯ ಮಾಡಿದೆ. ಅವ್ವ ತಟ್ಟೆಯನ್ನು ಒಮ್ಮೆ ನೋಡಿ, ನನ್ನನ್ನು ಒಮ್ಮೆ ನೋಡಿ, ತಟ್ಟೆ ಸರಿಸಿದಳು. ಮಾರನೆಯ ದಿನ ಮಜ್ಜಿಗೆಹುಳಿ ಮಾಡಿದೆ. ಅದನ್ನೂ ಸರಿಸಿದಳು. "ನೀನೇ ಕೇಳಿದ್ದಲ್ವೇ ಅವ್ವ?" ಅಂದರೆ "ಊಂ" ಅಂದಳು, ಅಷ್ಟೆ. ಆ ತಟ್ಟೆ ಹಿಡಿದುಕೊಂಡು ಅಡುಗೆಮನೆಯಲ್ಲಿ ನಿಂತಾಗ ನನಗೆ ತಟ್ಟನೆ ಹೊಳೆಯಿತು. ಹೊಳೆದದ್ದರಿಂದ ದಾರಿ ಕಾಣಲಿಲ್ಲ, ತಲೆ ಇನ್ನಷ್ಟು ಕೆಟ್ಟಿತು.

ಯಾಕೆಂದರೆ ನಮ್ಮ ಮನೆಯಲ್ಲಿ ಸೀಮೆಬದನೆಕಾಯಿ ಅಂದರೆ ಎರಡು ಅರ್ಥ.

ನಾನು ಚಿಕ್ಕವಳಿದ್ದಾಗ ನಾವು ಮೈಸೂರಿನ ವಿದ್ಯಾರಣ್ಯಪುರಂನಲ್ಲಿ ಬಾಡಿಗೆಗಿದ್ದೆವು. ಊರು ಬಿಟ್ಟು ಬಂದ ಅಪ್ಪನಿಗೆ ಆಫೀಸಿನಲ್ಲಿ ಕೆಲಸ ಸಿಕ್ಕಿತ್ತು, ಮನೆ ಸಿಕ್ಕಿರಲಿಲ್ಲ. ಎಲ್ಲಿ ಹೋದರೂ ಮೊದಲು ಹೆಸರು, ಆಮೇಲೆ ಊರು, ಆಮೇಲೆ ಊರಿನಲ್ಲಿ ಮನೆ ಯಾವ ಬೀದಿಯಲ್ಲಿ ಅನ್ನುವ ಪ್ರಶ್ನೆ. ಬೀದಿ ಕೇಳಿದ ಮೇಲೆ ಮನೆ ಖಾಲಿಯಿಲ್ಲ. ಕೊನೆಗೊಂದು ಮನೆಯವರು ಬೀದಿ ಕೇಳದೆ, "ನೀವು ಮನೇಲಿ ಮಾಂಸ ಗೀಂಸ ಮಾಡಲ್ಲ ತಾನೇ?" ಎಂದಷ್ಟೇ ಕೇಳಿದರು. ಅಪ್ಪ "ಇಲ್ಲ ಸಾರ್" ಅಂದುಬಿಟ್ಟರು. ಮುಂದಿನ ಭಾಗದಲ್ಲಿ ಓನರು, ಹಿಂದಿನ ಭಾಗದಲ್ಲಿ ನಾವು. ನಮ್ಮ ಅಡುಗೆಮನೆಯ ಕಿಟಕಿ ತೆರೆದರೆ ಅವರ ತುಳಸಿಕಟ್ಟೆ.

ತಿಂಗಳಿಗೋ ಎರಡು ತಿಂಗಳಿಗೋ ಚಿಕ್ಕಪ್ಪ ಊರಿನಿಂದ ಕ್ಯಾರಿಯರ್ ತರುತ್ತಿದ್ದರು. ಮೇಲಿನ ಡಬ್ಬಿಯಲ್ಲಿ ಸೊಪ್ಪು, ಕೆಳಗಿನದರಲ್ಲಿ ಹಂದಿ ಸಾರು. ಅವ್ವ ಅದನ್ನು ಬಿಸಿಗಿಡುವ ಮೊದಲು ಕಿಟಕಿ ಮುಚ್ಚುತ್ತಿದ್ದಳು, ಊದುಬತ್ತಿ ಹಚ್ಚುತ್ತಿದ್ದಳು, ಬೀದಿಯಲ್ಲಿ ಕುಂಟೆಬಿಲ್ಲೆ ಆಡುತ್ತಿದ್ದ ನನ್ನನ್ನು ಬಾಗಿಲಿಗೆ ಬಂದು ಕೂಗುತ್ತಿದ್ದಳು: "ಬಾ ಮಗಾ, ಸೀಮೆಬದ್ನೆಕಾಯಿ ಆಗದೆ." ಆ ಹೆಸರನ್ನೇ ಅವಳು ಯಾಕೆ ಆರಿಸಿದಳೋ ಗೊತ್ತಿಲ್ಲ. ಕಂಡದ್ದನ್ನು ಕಂಡ ಹಾಗೆ ಹೇಳುವ ಅವ್ವ ಅದರ ಹೆಸರಿನಲ್ಲಿ ಮಾತ್ರ ಜೀವಮಾನವಿಡೀ ಸುಳ್ಳು ಹೇಳಿದಳು. ನಿಜವಾದ ಹೆಸರನ್ನು ನಾನು ಒಮ್ಮೆ ಅಂದದ್ದಕ್ಕೆ ತೊಡೆ ಚಿವುಟಿಸಿಕೊಂಡಿದ್ದೇನೆ.

ಇಷ್ಟೇ ಆಗಿದ್ದರೆ ಲೆಕ್ಕ ಸುಲಭವಿತ್ತು. ಓನರಮ್ಮ ಒಳ್ಳೆಯ ಹೆಂಗಸು. ಕ್ಯಾರಿಯರ್ ಬಂದಾಗಲೆಲ್ಲ "ಏನಡುಗೆ?" "ಸೀಮೆಬದನೆಕಾಯಿ ಕಣಮ್ಮ" ಅನ್ನುವುದನ್ನು ಕೇಳಿ ಕೇಳಿ, ಪಾಪ, ಇವರಿಗೆ ಅದು ಪ್ರಾಣ ಅಂದುಕೊಂಡು, ತಮ್ಮ ಚಪ್ಪರದಲ್ಲಿ ಬಿಟ್ಟ ಕಾಯನ್ನೆಲ್ಲ ಒಂದು ದಿನ ಮಡಿಲು ತುಂಬ ತಂದು ಸುರಿದರು. ಅವ್ವನ ಮುಖ ನೋಡಬೇಕಿತ್ತು. ಕುಂಬಳಕಾಯಿ ಕಳ್ಳ ಅಂದರೆ ಹೆಗಲು ಮುಟ್ಟಿ ನೋಡಿಕೊಂಡರಂತೆ, ಹಾಗಾಗಿತ್ತು. ಗುಟ್ಟು ಬಯಲಾಗಿ ಅಣಕಿಸುತ್ತಿದ್ದಾರೋ ಏನೋ ಎಂದು ಅವಳಿಗೆ ಭಯ. ಓನರಮ್ಮ ಅಣಕಿಸುತ್ತಿರಲಿಲ್ಲ. ಅಲ್ಲೇ ಹೊಸಿಲಿನ ಆಚೆ ಕುಳಿತು ಮಜ್ಜಿಗೆಹುಳಿ ಮಾಡುವುದನ್ನೂ ಹೇಳಿಕೊಟ್ಟು ಹೋದರು. ಆ ವಾರವೆಲ್ಲ ನಮಗೆ ಅದೇ. ಅವ್ವ ಊಟಕ್ಕೆ ಕರೆದರೆ ನಾನು ಬೀದಿಯಿಂದಲೇ ಕೇಳುತ್ತಿದ್ದೆ, "ನಿಜದ್ದಾ, ಸುಳ್ಳಿನದಾ?" ಅಪ್ಪ ಮುಖ ಕಿವುಚಿಕೊಂಡು ತಿಂದರು. ಅವ್ವ ಮಾತ್ರ ಬೆರಳು ಚೀಪಿಕೊಂಡು ತಿಂದಳು. ಹಂದಿ ಸಾರು ಬಂದಾಗಲಾದರೋ ತುಂಡುಗಳನ್ನೆಲ್ಲ ನಮಗೆ ಬಡಿಸಿ, "ನಂಗೆ ರಸ ಸಾಕು" ಎಂದು ಮುದ್ದೆ ಮುಗಿಸುತ್ತಿದ್ದವಳು.

ಈಗ ಹೇಳಿ, ಜ್ವರ ಬಿಟ್ಟ ಬಾಯಿಗೆ ಅವಳು ಕೇಳಿದ್ದು ಯಾವುದನ್ನು?

ಚಿಕ್ಕಪ್ಪ ಹೋದ ಮೇಲೆ ಕ್ಯಾರಿಯರ್ ನಿಂತುಹೋಯಿತು. ನಾವು ಸಿದ್ಧಾರ್ಥನಗರದಲ್ಲಿ ಸ್ವಂತ ಮನೆ ಕಟ್ಟಿದ ಮೇಲೂ ಕೋಳಿ ಬಂತು, ಕುರಿ ಬಂತು, ಅದು ಮಾತ್ರ ಬರಲಿಲ್ಲ. ಅವ್ವ ಕೇಳಲಿಲ್ಲ, ನಾನು ತರಲಿಲ್ಲ. ನಾನು ಲೆಕ್ಕದ ಟೀಚರು. ಉತ್ತರ ಗೊತ್ತಾಗದಿದ್ದರೆ ನನಗೆ ಮೈ ಪರಚಿಕೊಳ್ಳುವ ಹಾಗಾಗುತ್ತದೆ. ಆದದ್ದಾಗಲಿ ಎಂದು ಅವ್ವನ ಹತ್ತಿರ ಕುಳಿತು ನೇರವಾಗಿ ಕೇಳಿದೆ: "ಅವ್ವ, ಹಂದಿ ತರ್ಲಾ?"

ಅವಳು ಗೋಡೆ ಕಡೆ ಹೊರಳಿಕೊಂಡಳು. "ಏನ್ ಮಾತು ಅಂತ ಆಡ್ತೀಯವ್ವ, ಸುಮ್ಕಿರು."

ಇದು ಬೇಡ ಅನ್ನುವುದೋ, ಮೆಲ್ಲಗೆ ಮಾತಾಡು ಅನ್ನುವುದೋ? ತೊಡೆ ಚಿವುಟಿದ್ದರಾದರೂ ಗೊತ್ತಾಗುತ್ತಿತ್ತು. ನಾನು ಎದ್ದು ಬಂದೆ.

ಇತ್ತ ನನ್ನ ಮಗಳದ್ದು ಇನ್ನೊಂದು ಕತೆ. ಕಾಲೇಜಿಗೆ ಹೋಗುವ ಹುಡುಗಿ. ಅದೆಲ್ಲಿಂದಲೋ ರಾಮೆನ್ ಅನ್ನುವ ಹುಚ್ಚು ಹತ್ತಿಸಿಕೊಂಡಿದ್ದಾಳೆ. ನನಗೆ ಅದು ಜಪಾನಿನವರು ಶಾವಿಗೆಯನ್ನು ಸಾರಿನಲ್ಲಿ ಮುಳುಗಿಸಿದ ಹಾಗೆ ಕಾಣುತ್ತದೆ. ಹಾಗಂದರೆ ಅವಳಿಗೆ ಕೋಪ. ಆ ಭಾನುವಾರ ಮನೆಯಲ್ಲೇ ಮೊದಲಿಂದ ಕೊನೆಯವರೆಗೆ ಮಾಡುವುದು ಎಂದು ನಿಶ್ಚಯಿಸಿ, ಬಾಲ್ಕನಿಯಲ್ಲಿ ನಿಂತು ಫೋನಿನಲ್ಲಿ ಯಾರಿಗೋ ಹೇಳುತ್ತಿದ್ದಳು: "ಪೋರ್ಕ್ ಕಣೆ. ಪೋರ್ಕ್ ಹಾಕದೆ ಇದ್ರೆ ಟೇಸ್ಟೇ ಬರಲ್ಲ." ಬೀದಿಯ ಆ ತುದಿಗೆ ಕೇಳಿಸುವ ಹಾಗೆ. ಒಳಗೆ ಬಟ್ಟೆ ಮಡಿಸುತ್ತಿದ್ದ ನನಗೆ ಮೊದಲು ಭಯವಾಯಿತು. ಆಮೇಲೆ ಹೆಮ್ಮೆಯಾಯಿತು. ಆಮೇಲೆ ಯಾಕೋ ಹೊಟ್ಟೆಕಿಚ್ಚಾಯಿತು. ಅವ್ವ ಬಾಯಲ್ಲೇ ನುಂಗಿದ ಮಾತನ್ನು ಇವಳು ಇಂಗ್ಲಿಷಿನಲ್ಲಿ ತೊಳೆದು ಬಾಲ್ಕನಿಯಲ್ಲಿ ಒಣಗಹಾಕಿದ್ದಳು. ಎರಡೂ ಒಂದೇ ಮಾಂಸವೋ ಬೇರೆಯೋ ಎಂದು ನಾನು ನಿಜವಾಗಿ ಯೋಚಿಸಿದೆ. ಬಗೆಹರಿಯಲಿಲ್ಲ.

ಬಗೆಹರಿಯದೆ ಇದ್ದಾಗ ಹೆಂಗಸರು ಮಾಡುವುದನ್ನೇ ಮಾಡಿದೆ, ಎರಡನ್ನೂ ಒಂದೇ ಪಾತ್ರೆಗೆ ಹಾಕಿಬಿಡೋಣ ಅಂದುಕೊಂಡೆ. ಅವ್ವ ಕೇಳಿದ್ದು ಯಾವ ಸೀಮೆಬದನೆಕಾಯಿಯಾದರೂ ಆ ಬಟ್ಟಲಲ್ಲಿ ಇರಬೇಕು.

"ರಾಮೆನ್‌ಗೆ ಸೀಮೆಬದನೆಕಾಯಿ ಯಾರಮ್ಮ ಹಾಕ್ತಾರೆ?" ಮಗಳು ಚಾಕು ಕೆಳಗಿಟ್ಟಳು.

"ನಾನ್ ಹಾಕ್ತೀನಿ."

"ಎಲೆಕೋಸು, ಕ್ಯಾರೆಟ್ಟು, ಅಣಬೆ, ಈರುಳ್ಳಿ ಸೊಪ್ಪು. ಅಷ್ಟೇ ಇರೋದು ಲಿಸ್ಟಲ್ಲಿ."

"ಜಪಾನಲ್ಲಿ ಸೀಮೆಬದನೆಕಾಯಿ ಸಿಕ್ಕಿದ್ರೆ ಅವರೂ ಹಾಕ್ತಿದ್ರು, ಸುಮ್ನಿರು."

ಮಗಳು ತಂದ ಮೂಳೆಯಿದ್ದ ಹಂದಿ ಮಾಂಸವನ್ನು ಶುಂಠಿ, ಬೆಳ್ಳುಳ್ಳಿಯ ಜೊತೆ ಸಣ್ಣ ಉರಿಯಲ್ಲಿಟ್ಟೆವು. ಕುಕ್ಕರಿನಲ್ಲಿ ಕೂಗಿಸಿದರೆ ಆಗದಂತೆ, ಗಂಟೆಗಟ್ಟಲೆ ಕುದಿಯಬೇಕಂತೆ. ಸಿಲಿಂಡರ್ ತರಿಸುವವಳು ನಾನು ತಾನೇ ಎಂದು ಗೊಣಗಿದೆ. ಬಿಳಿಯ ನೊರೆ ಬಂದರೆ ತೆಗೆದು ಚೆಲ್ಲು ಅಂದಳು, ಚೆಲ್ಲಿದೆ. ಮಧ್ಯದಲ್ಲಿ ಅವಳು ಸ್ನಾನಕ್ಕೆ ಹೋಗುತ್ತಾ, "ಬೆಂದ್ಮೇಲೆ ಬಸಿದಿಡಮ್ಮ" ಎಂದು ಹೇಳಿ ಹೋದಳು. ಬಸಿಯುವುದು ನನಗೆ ಹೇಳಿಕೊಡಬೇಕೇ? ಮೈಸೂರಿನಲ್ಲಿ ಬೆಳೆದವಳಿಗೆ ಬಸಿದ ಮೇಲೆ ಮುಂದಿನದು ಒಂದೇ, ಬಸ್ಸಾರು. ಬಸಿದ ರಸದ ಕಟ್ಟು ಒಂದು ಪಾತ್ರೆಗೆ, ಬೆಂದದ್ದು ಇನ್ನೊಂದಕ್ಕೆ. ಕೈ ತನ್ನ ಪಾಡಿಗೆ ತಾನು ತೆಂಗಿನಕಾಯಿ, ಜೀರಿಗೆ, ಮೆಣಸು, ಬೆಳ್ಳುಳ್ಳಿಯನ್ನು ಮಿಕ್ಸಿಗೆ ಹಾಕಿತು. ಹುಣಸೆಹಣ್ಣು ಕಿವುಚಲು ನೆನೆಯಿಟ್ಟೂ ಆಗಿತ್ತು. ಮಗಳು ತಲೆಗೆ ಟವೆಲ್ ಸುತ್ತಿಕೊಂಡು ಓಡಿಬಂದು ನನ್ನ ಕೈ ಹಿಡಿದುಕೊಂಡಳು.

"ಅಮ್ಮ, ಏನ್ಮಾಡ್ತಿದೀಯ?"

"ಬಸಿದಿಡು ಅಂದ್ಯಲ್ಲ."

ಅವಳು ರುಬ್ಬಿದ ಮಸಾಲೆಯನ್ನು ಫ್ರಿಜ್ಜಿಗೆ ಸೇರಿಸಿ, ಬಸಿದ ಕಟ್ಟಿನ ಪಾತ್ರೆಗೆ ಸೋಯಾ ಸಾಸ್ ಹುಯ್ದಳು. ನಾನು ಮಾಂಸವನ್ನು ಅದಕ್ಕೇ ಮರಳಿ ಹಾಕಿ, ಸೀಮೆಬದನೆಕಾಯಿಯನ್ನೂ ಆ ತುಂಡುಗಳಷ್ಟೇ ದಪ್ಪಕ್ಕೆ ಹೆಚ್ಚಿ ಹಾಕಿದೆ. ಆ ಕಂದು ರಸದಲ್ಲಿ ಬೆಂದ ಮೇಲೆ ಯಾವುದು ಯಾವುದೆಂದು ನನಗೇ ಗುರುತು ಹತ್ತಲಿಲ್ಲ. ನೂಡಲ್ಸ್ ಬೇರೆ ಬೇಯಿಸಿ ಬಟ್ಟಲಿಗೆ ಹಾಕಿ, ಮೇಲೆ ರಸ ಸುರಿದು, ಅರೆಬೆಂದ ಮೊಟ್ಟೆ ಕೊಯ್ದಿಟ್ಟು ಮಗಳು ಫೋಟೋ ತೆಗೆದಳು. ನಾನು ಬಗ್ಗಿ ಮೂಸಿದೆ. ಸೋಯಾ ಸಾಸಿನ ಅಡಿಯಲ್ಲಿ, ಬೆಳ್ಳುಳ್ಳಿಯ ಅಡಿಯಲ್ಲಿ, ಹಿತ್ತಾಳೆ ಕ್ಯಾರಿಯರಿನ ಆ ವಾಸನೆ ಇತ್ತೋ, ನಾನೇ ಇದೆ ಅಂದುಕೊಂಡೆನೋ.

ಅವ್ವನನ್ನು ಕೈಹಿಡಿದು ತಂದು ಊಟದ ಮೇಜಿಗೆ ಕೂರಿಸಿದೆ. ಮುಂದೆ ಬಟ್ಟಲಿಟ್ಟೆ. ಮಗಳು "ತಿನ್ನಜ್ಜಿ, ನಾನೇ ಮಾಡಿದ್ದು" ಅಂದಳು. ಅವ್ವ ಬಟ್ಟಲನ್ನು ನೋಡಿದಳು. ಚಮಚ ಮುಟ್ಟಲಿಲ್ಲ. ಆವಿ ಅವಳ ಕನ್ನಡಕಕ್ಕೆ ಹತ್ತಿತು, ಒರೆಸಿಕೊಂಡಳು. ಕೈಗೆ ಹಾಕುವ ಡ್ರಿಪ್ಪಿನ ಸೂಜಿ ನನ್ನ ಕಣ್ಣಮುಂದೆ ಬಂತು. ಇನ್ನು ನಾನು ಮಾಡುವುದಾದರೂ ಏನಿದೆ? ನಿಜದ್ದೂ ಹಾಕಿದ್ದೇನೆ, ಸುಳ್ಳಿನದೂ ಹಾಕಿದ್ದೇನೆ.

ಅವ್ವ ತಲೆಯೆತ್ತಿ ನನ್ನ ಹಿಂದೆ ನೋಡುತ್ತಿದ್ದಳು. ಆಮೇಲೆ ದನಿ ತಗ್ಗಿಸಿ ಅಂದಳು:

"ಕಿಟ್ಕಿ."

ನನಗೆ ತಕ್ಷಣ ತಿಳಿಯಲಿಲ್ಲ. ಆಮೇಲೆ ಹೊಳೆಯಿತು. ಪಲ್ಯ ಮಾಡಿದ ದಿನ ಅವಳು ಕಿಟಕಿಯ ಮಾತೆತ್ತಿರಲಿಲ್ಲ, ಮಜ್ಜಿಗೆಹುಳಿಯ ದಿನವೂ ಎತ್ತಿರಲಿಲ್ಲ. ಉತ್ತರ ಸಿಕ್ಕಿತ್ತು. ಆದರೆ ಸಿಕ್ಕ ಉತ್ತರಕ್ಕೆ ನನಗೆ ಸಂತೋಷಕ್ಕಿಂತ ಸಿಟ್ಟೇ ಮೊದಲು ಬಂತು. ಇದು ನನ್ನ ಮನೆ. ಆ ಕಿಟಕಿಯ ಆಚೆ ಇರುವುದು ನನ್ನದೇ ಕಾಂಪೌಂಡು, ಅದರಾಚೆ ಪಕ್ಕದ ಮನೆಯವರು ಒಗೆದ ಬಟ್ಟೆ ಹರವುತ್ತಿದ್ದಾರೆ, ನಾವು ಏನು ತಿನ್ನುತ್ತೇವೆ ಅನ್ನುವುದು ಅವರಿಗೆ ಬೇಕಿಲ್ಲ. ಬೇಕಿದ್ದರೂ ನಾನು ಯಾರಿಗೆ ಹೆದರಬೇಕು? ಮುಚ್ಚುವುದಿಲ್ಲ ಕಣವ್ವ, ಹೀಗೇ ತಿನ್ನು, ಊರಿಗೆಲ್ಲ ವಾಸನೆ ಹೋಗಲಿ. ನಾಲಗೆಯ ತುದಿಗೆ ಬಂದಿತ್ತು.

ಅವ್ವನ ಕೈಗಳು ಮೇಜಿನ ಮೇಲೆ ಬಟ್ಟಲಿನ ಎರಡು ಕಡೆ ಕಾಯುತ್ತಿದ್ದವು. ಮಣಿಕಟ್ಟಿನಲ್ಲಿ ಬಳೆ ಸಡಿಲವಾಗಿ ಜಾರುತ್ತಿತ್ತು.

ಎದ್ದು ಹೋಗಿ ಕಿಟಕಿ ಮುಚ್ಚಿದೆ. ಚಿಲಕವನ್ನೂ ಹಾಕಿದೆ.

"ಅಮ್ಮ, ಸೆಕೆ ಆಗುತ್ತೆ, ಯಾಕೆ ಮುಚ್ತೀಯ?" ಎಂದು ಮಗಳು ಕೇಳಿದಳು. ನಾನು ಫ್ಯಾನ್ ಹಾಕಿ ಬಂದು ಅವಳ ಪಕ್ಕ ಕುಳಿತೆ.

ಅವ್ವ ಚಮಚ ಪಕ್ಕಕ್ಕಿಟ್ಟು ಕೈಹಾಕಿದಳು. ನೂಡಲ್ಸನ್ನು ಸರಿಸಿ, ಅಡಿಯಿಂದ ಒಂದು ಹೋಳು ತೆಗೆದು, ಬೆರಳಲ್ಲಿ ಒತ್ತಿ ನೋಡಿ, ಬಟ್ಟಲಿನ ಅಂಚಿಗೆ ಇಟ್ಟಳು. ಅದು ಸೀಮೆಬದನೆಕಾಯಿ. ಇನ್ನೊಂದು ಒತ್ತಿದಳು, ಅದನ್ನೂ ಅಂಚಿಗಿಟ್ಟಳು. ಮೂರನೆಯದನ್ನು ಒತ್ತಿ ಬಾಯಿಗೆ ಹಾಕಿಕೊಂಡಳು. ಕಣ್ಣು ಮುಚ್ಚಿ ನಿಧಾನವಾಗಿ ಅಗಿದಳು. ಆಮೇಲೆ ಮತ್ತೊಂದು. ನಮಗೆಲ್ಲ ಬಡಿಸಿ ರಸ ಸಾಕು ಅನ್ನುತ್ತಿದ್ದವಳು ಈಗ ಹುಡುಕಿ ಹುಡುಕಿ ತುಂಡನ್ನೇ ತಿನ್ನುತ್ತಿದ್ದಳು.

"ಸೀಮೆಬದ್ನೆಕಾಯಿ ಚೆಂದಾಗಿ ಬೆಂದದೆ ಕಣವ್ವ" ಅಂದಳು.

"ಅಜ್ಜಿ, ಅದು ಸೀಮೆಬದನೆಕಾಯಿ ಅಲ್ಲ, ಪೋ..." ಎಂದು ಮಗಳು ಬಾಯಿ ತೆರೆಯುವಷ್ಟರಲ್ಲಿ ಮೇಜಿನ ಕೆಳಗೆ ಅವಳ ಕಾಲು ತುಳಿದೆ. ಅವಳು ನನ್ನನ್ನು ನೋಡಿದಳು, ಅಜ್ಜಿಯನ್ನು ನೋಡಿದಳು, ಮುಚ್ಚಿದ ಕಿಟಕಿಯನ್ನು ನೋಡಿದಳು. ಏನರ್ಥವಾಯಿತೋ, ತನ್ನ ಬಟ್ಟಲನ್ನು ಹತ್ತಿರ ಎಳೆದುಕೊಂಡಳು.

"ಇನ್ನೊಂದ್ ಸ್ವಲ್ಪ ಹಾಕ್ಲಾ ಅವ್ವ?"

ಅವ್ವ ಅಂಚಿಗಿಟ್ಟ ಹೋಳುಗಳನ್ನು ಬೆರಳಿನಿಂದ ನನ್ನ ಕಡೆ ತಳ್ಳಿದಳು. "ಈ ತರಕಾರಿ ಬ್ಯಾಡ ಬುಡು. ಸೀಮೆಬದ್ನೆಕಾಯಿ ಹಾಕು."

ನಾನು ಸೌಟನ್ನು ತಳದವರೆಗೆ ಇಳಿಸಿ, ಅವಳು ಕೇಳಿದ್ದನ್ನೇ ಹುಡುಕಿ ಬಡಿಸಿದೆ.