ಪಾಸ್‌ಪೋರ್ಟಿನ ಸಾಸಲು ವಂಶ

ಗೆಳೆಯರೇ, ಇವತ್ತು ಬೆಳಿಗ್ಗೆ ಪಕ್ಕದ ಮನೆಯ ಜಯಮ್ಮ ಮಗಳಿಗೆ ನಿಶ್ಚಯವಾದ ಸಂಬಂಧ ಮುರಿಯುತ್ತೇನೆಂದು ಬಂದು ನಿಂತರು. ಹುಡುಗ ಕುವೈತ್‌ನಲ್ಲಿ ಹುಟ್ಟಿ ಬೆಳೆದವನು.

"ಹುಡುಗ ಕಿರಣ್ ಸಾಸಲು, ನನ್ನ ಮಗಳು ಶ್ವೇತಾ ಸಾಸಲು. ಒಂದೇ ಮನೆತನ ಸಾರ್, ಅಣ್ಣ ತಂಗಿ ಆಗ್ತಾರೆ!"

"ಗೋತ್ರ ಬೇರೆ ಬೇರೆ ಅಂತ ನೋಡಿದ್ರಲ್ಲಮ್ಮ?"

"ಗೋತ್ರ ಬಾಯಲ್ಲಿ ಹೇಳಿದ್ದು. ಇದು ಪಾಸ್‌ಪೋರ್ಟಲ್ಲಿ ಅಚ್ಚಾಗಿರೋದು!"

ತೊಂಬತ್ತರ ದಶಕದ ಆರಂಭದಲ್ಲಿ ದೊಡ್ಡಬಳ್ಳಾಪುರದಲ್ಲಿ ಪಾಸ್‌ಪೋರ್ಟ್ ಅರ್ಜಿ ಟೈಪ್ ಮಾಡಿಕೊಡುತ್ತಿದ್ದವನು ನಾನೇ. ನಮ್ಮ ಕಡೆಯವರಿಗೆ ಮನೆತನದ ಹೆಸರೆಲ್ಲಿತ್ತು? ಬರೀ ಇನಿಷಿಯಲ್ಲು. ಕಾಲಂ ಖಾಲಿ ಬಿಡಬಾರದೆಂದು ಸಾಸಲು ಹೋಬಳಿಯಿಂದ ಬಂದವರಿಗೆಲ್ಲ 'ಸಾಸಲು' ಎಂದೇ ಹಾಕಿದೆ. ಜಯಮ್ಮನ ಯಜಮಾನರಿಗೂ ಹಾಕಿದೆ, ಈ ಹುಡುಗನ ತಂದೆಗೂ ಹಾಕಿದೆ. ಈಗ ಕುವೈತ್, ಮಸ್ಕತ್, ಟೊರಾಂಟೊ ಎಲ್ಲ ಕಡೆ ಸಾಸಲುಗಳಿದ್ದಾರೆ.

ಅದನ್ನೆಲ್ಲ ಹೇಳಿ, "ನಿಮ್ಮ ಹೋಬಳಿಯ ಸತ್ತಾರ್ ಸಾಬರ ಮಕ್ಕಳೂ ಟೊರಾಂಟೊದಲ್ಲಿ ಸಾಸಲು. ಅವರೂ ನಿಮ್ಮ ದಾಯಾದಿಗಳಾ?" ಎಂದು ಕೇಳಿದೆ.

ಜಯಮ್ಮ ಯೋಚಿಸಿದರು. "ನೀವೇ ಕೊಟ್ಟಿದ್ದು ಅಂದ್ಮೇಲೆ ಹುಡುಗನಿಗೆ ಬೇರೆ ಯಾವ್ದಾದ್ರೂ ಹಾಕ್ಕೊಟ್ಬಿಡಿ. ಪಕ್ಕದ ಮಧುರೆ ಹೋಬಳಿ ಖಾಲಿ ಐತಾ?"

ಅವರೆದುರೇ ಹುಡುಗನಿಗೆ ಫೋನ್ ಮಾಡಿದೆ. ಹೆಸರು ಬದಲಾಯಿಸುವ ಮಾತೆತ್ತುತ್ತಲೇ ಅವನ ದನಿ ಗಡುಸಾಯಿತು.

"ಆಗಲ್ಲ ಅಂಕಲ್. ಅದು ನಮ್ಮ ಪೂರ್ವಜರು ಕೊಟ್ಟಿರೋ ಹೆಸರು."

ಮದುವೆ ಸದ್ಯಕ್ಕೆ ನಿಂತಿದೆ. ಆ ಪೂರ್ವಜರ ಜೊತೆಯಲ್ಲೇ ಮಾತಾಡುತ್ತಿದ್ದೀಯಪ್ಪ ಎಂದು ಅವನಿಗೆ ಹೇಳುವ ಧೈರ್ಯ ನನಗಿನ್ನೂ ಬಂದಿಲ್ಲ.