ಯಾರ ಚುಟ್ಟಾ ಯಾರಿಗೆ

ನಮ್ಮ ಮಾವನವರ ಬಲಗೈಯ ಎರಡು ಬೆರಳು ಹುಣಿಸೆ ಬೀಜದ ಬಣ್ಣಕ್ಕೆ ತಿರುಗಿದ್ದವು. ಡಾಕ್ಟರು ಎದೆಯ ಎಕ್ಸ್‌ರೇ ನೋಡಿ ಚುಟ್ಟಾ ಬಿಡಿಸಿ ಐದು ವರ್ಷವಾದರೂ ಆ ಕಂದು ಹೋಗಲಿಲ್ಲ. ಹೋಗುವುದಾದರೂ ಹೇಗೆ? ಅವರು ಸೇದುವುದನ್ನು ಬಿಟ್ಟರೇ ಹೊರತು ಮುಟ್ಟುವುದನ್ನು ಬಿಡಲಿಲ್ಲ.

ನಡುಮನೆಯಲ್ಲಿ, ನನ್ನ ಸೀರೆಯ ಬೀರುವಿಗೆ ಒತ್ತಿಕೊಂಡೇ ಅವರ ತೇಗದ ಪೆಟ್ಟಿಗೆ ಇತ್ತು. ಪಿತೃಪಕ್ಷದ ಅಮಾವಾಸ್ಯೆಗೆ ಹಿರಿಯರಿಗೆ ಎಡೆ ಇಡುವಾಗ ಅವರವರಿಗೆ ಇಷ್ಟವಾದದ್ದನ್ನು ಎಲೆಗೆ ಹಾಕುವುದು ನಮ್ಮಲ್ಲಿ ಪದ್ಧತಿ. ಬೇರೆಯವರು ಅಂಗಡಿಯಿಂದ ಒಂದು ಕಟ್ಟು ಬೀಡಿ ತಂದು ಕೈತೊಳೆದುಕೊಳ್ಳುತ್ತಾರೆ. ನಮ್ಮ ಮಾವನವರಿಗೆ ಅದು ಸಾಲದು. ಚುಟ್ಟಾ ವರ್ಷವಿಡೀ ಪೆಟ್ಟಿಗೆಯಲ್ಲಿ ಮಾಗಬೇಕು. ಅವರ ಅಪ್ಪನಿಗೆ ಖಾರದ್ದು, ಚಿಕ್ಕಪ್ಪನಿಗೆ ಸಪ್ಪೆಯದು. ಕಣ್ಣಿಗೆ ಎರಡೂ ಒಂದೇ ಥರ, ನಡುವೆ ಒಂದು ತೆಳು ಹಲಗೆ. ಪಾವಗಡದ ಒಣಹವೆಗೆ ಚುಟ್ಟಾದ ಎಲೆ ಬಿರಿಯಬಾರದೆಂದು ಪೆಟ್ಟಿಗೆಯ ಮೂಲೆಯಲ್ಲಿ ನೆನೆಸಿದ ಹೆಂಚಿನ ಚೂರು. ಪ್ರತಿ ಸೋಮವಾರ ಅದನ್ನು ನೆನೆಸಿ, ಒಂದೊಂದನ್ನೂ ಮೂಸಿ, ಹೊರಳಿಸಿ ಇಡುತ್ತಿದ್ದರು.

“ಒಂದ್ರ ಗಾಳಿ ಇನ್ನೊಂದಕ್ಕೆ ತಾಕ್ಬಾರ್ದು ಕಣಮ್ಮ. ನಮ್ಮಪ್ಪ ವಾಸ್ನೇಲೇ ಗುರ್ತು ಹಿಡೀತಾನೆ.”

ಮೂರನೆಯ ಸಾಲಿನಲ್ಲಿ ಎರಡು ವಿದೇಶಿ ಸಿಗಾರ್ ಇದ್ದವು. ತಿರುಮಣಿ ಹತ್ತಿರ ಸೋಲಾರ್ ಪಾರ್ಕಿಗೆ ಕೊಟ್ಟ ನಮ್ಮ ಹೊಲದಲ್ಲಿ ಕೆಲಸಕ್ಕೆ ಬಂದಿದ್ದ ಎಂಜಿನಿಯರ್ ಒಬ್ಬ ಕೊಟ್ಟದ್ದು. ಅವನು ತನ್ನ ದೇಶಕ್ಕೆ ಹೋಗಿ ತೀರಿಕೊಂಡನಂತೆ. ಅವನಿಗೂ ಎಡೆ ಇಡಲು ನಮಗೂ ಅವನಿಗೂ ಏನು ನಂಟು ಎಂದು ಕೇಳಿದೆ.

“ಅವ್ರ ದೇಸ್ದಾಗೆ ಎಡೆ ಇಕ್ಕಲ್ವಂತೆ. ಪಾಪ, ಉಪಾಸ ಇರ್ತಾನೆ.”

ಇಂಥವರ ಜೊತೆ ಜಗಳ ಆಡುವುದು ಹೇಗೆ? ನನ್ನ ಸೀರೆಗಳಿಗೆಲ್ಲ ಹೊಗೆಸೊಪ್ಪಿನ ವಾಸನೆ ಹತ್ತಿತ್ತು. ನಾನು ಪಾಠ ಮಾಡುವ ಸ್ಕೂಲಿನಲ್ಲಿ ಜೊತೆಯ ಮೇಡಂ ಒಬ್ಬರು “ಮನೇಲಿ ಎಲ್ಲ ಸರಿ ಇದೆ ತಾನೆ?” ಎಂದು ಮೆಲ್ಲಗೆ ವಿಚಾರಿಸಿದ್ದರು. ಪೆಟ್ಟಿಗೆಯನ್ನು ಹಿತ್ತಲ ಕೋಣೆಗೆ ಸಾಗಿಸಿ ಎಂದು ಎಷ್ಟು ಬೇಡಿಕೊಂಡರೂ “ವದ್ದಮ್ಮಾ, ಬ್ಯಾಡ, ಅಲ್ಲಿ ಸೆಕೆ” ಎಂದುಬಿಡುತ್ತಿದ್ದರು.

ಒಮ್ಮೆ ಅವರು ತುಮಕೂರಿನ ಆಸ್ಪತ್ರೆಯಲ್ಲಿ ಹತ್ತು ದಿನ ಇರಬೇಕಾಯಿತು. ಹೆಂಚಿನ ಚೂರು ನೆನೆಸಲೆಂದು ನಾನು ಪೆಟ್ಟಿಗೆ ತೆರೆದರೆ ಚುಟ್ಟಾಗಳಲ್ಲಿ ಸೂಜಿ ಚುಚ್ಚಿದಂಥ ತೂತುಗಳು. ತೊಗರಿಬೇಳೆಗೆ ಹುಳ ಬಿದ್ದರೆ ಏನು ಮಾಡುತ್ತೇವೋ ಅದನ್ನೇ ಮಾಡಿದೆ. ಎಲ್ಲವನ್ನೂ ಮೊರಕ್ಕೆ ಸುರಿದು ಎರಡು ದಿನ ತಾರಸಿಯ ಬಿಸಿಲಿಗಿಟ್ಟು, ಬಾಚಿ ಸ್ಟೀಲ್ ಡಬ್ಬಕ್ಕೆ ತುಂಬಿದೆ. ಒಳ್ಳೆಯ ಕೆಲಸ ಮಾಡಿದೆನೆಂಬ ಜಂಬ ಬೇರೆ.

ಅಮಾವಾಸ್ಯೆಗೆ ಎರಡು ದಿನವಿರುವಾಗ ಮಾವನವರು ಮನೆಗೆ ಬಂದರು. ಡಬ್ಬ ತೆರೆದು ಮೂಸಿದರು. ಬೈಯಲಿಲ್ಲ. ಬೈದಿದ್ದರೆ ನಾನೂ ಒಂದು ಮಾತು ಅಂದು ಹಗುರವಾಗುತ್ತಿದ್ದೆ. ಬಿಸಿಲಿಗೆ ವಾಸನೆ ಸತ್ತಿತ್ತು. ಸಿಗಾರ್ ಬಿಟ್ಟರೆ ಉಳಿದ ಹನ್ನೊಂದರಲ್ಲಿ ಅಪ್ಪನದು ಯಾವುದು, ಚಿಕ್ಕಪ್ಪನದು ಯಾವುದು ಎಂದು ಅವರಿಗೇ ತಿಳಿಯಲಿಲ್ಲ. ಬೆಂಕಿಪೊಟ್ಟಣ ಕೇಳಿದರು.

“ಹಚ್ಚಿದ್ರೇನೇ ಗೊತ್ತಾಗೋದು. ಒಂದೊಂದು ದಮ್ಮು ಎಳೀತೀನಿ, ಅಷ್ಟೇಯ.”

ನನಗೆ ತಡೆಯಲಾಗಲಿಲ್ಲ. “ಸತ್ತೋರಿಗೋಸ್ಕರ ನೀವೂ ಸಾಯ್ತೀರಾ ಮಾವ?” ಎಂದು ಕಿರುಚಿದೆ.

“ಅದಲು ಬದಲಾದ್ರೆ ಇಬ್ರೂ ಎಲೆ ಬಿಟ್ಟು ಎದ್ದೋಗ್ತಾರೆ ಕಣಮ್ಮ. ಒಂದೊರ್ಸದಿಂದ ಕಾಯ್ಕಂಡವ್ರೆ.” ಅವರ ಕಣ್ಣಲ್ಲಿ ನೀರು ಬಂದಿತ್ತು.

ಕೊನೆಗೆ ನಾನೇ ಒಂದೊಂದರ ತುದಿಯನ್ನು ಗ್ಯಾಸ್ ಒಲೆಗೆ ಹಿಡಿದು ಅಂಗಳಕ್ಕೆ ತಂದೆ. ಅವರು ಅಷ್ಟು ದೂರದಲ್ಲಿ ಜಗಲಿಯ ಮೇಲೆ ಕೂತು, ಗಾಳಿಗೆ ಮೂಗೊಡ್ಡಿ “ಇದು ನಮ್ಮಪ್ಪಂದು” “ಇದು ಚಿಕ್ಕಪ್ಪಂದು” ಎಂದು ಹೇಳುತ್ತಾ ಹೋದರು. ಮೇಷ್ಟ್ರಮ್ಮ ಕೈಯಲ್ಲಿ ಚುಟ್ಟಾ ಹಿಡಿದು ಕೆಮ್ಮುವುದನ್ನು ಪಕ್ಕದ ಮನೆಯವರು ಗೋಡೆಯ ಮೇಲಿಂದ ಬಾಯಿ ಬಿಟ್ಟುಕೊಂಡು ನೋಡಿದರು. ನಾನು ಹೊಗೆಗೂ ಸಿಟ್ಟಿಗೂ ಒಟ್ಟಿಗೇ ಅಳುತ್ತಿದ್ದೆ.

ಹೋದ ವರ್ಷ ಮಾವನವರು ತೀರಿಕೊಂಡರು. ಈ ಸಲದ ಎಡೆಯಲ್ಲಿ ಅವರಿಗೂ ಒಂದು ಎಲೆ ಹಾಕಿದೆವು. ಊಟವೆಲ್ಲ ಬಡಿಸಿದ ಮೇಲೆ ಪೆಟ್ಟಿಗೆ ತೆರೆದು ಹಾಗೇ ಕೂತುಬಿಟ್ಟೆ. ಅಪ್ಪ, ಚಿಕ್ಕಪ್ಪ, ಆ ಎಂಜಿನಿಯರ್ ಮೂವರದನ್ನೂ ಹೇಳಿಕೊಟ್ಟವರು ತಮಗೆ ಯಾವುದು ಇಷ್ಟವೆಂದು ಹೇಳಿಯೇ ಇರಲಿಲ್ಲ. ಮದುವೆಯಾಗಿ ಬಂದಾಗಿನಿಂದ ಅವರ ಹೊಗೆಗೆ ಮೂಗು ಮುಚ್ಚಿಕೊಂಡೇ ಓಡಾಡಿದವಳು ನಾನು. ಅದು ಖಾರವೋ ಸಪ್ಪೆಯೋ ಎಂದು ಒಂದು ದಿನವೂ ಗಮನಿಸಲಿಲ್ಲ. ನನ್ನ ಗಂಡನನ್ನು ಕೇಳಿದರೆ ಅವರಿಗೂ ಗೊತ್ತಿಲ್ಲ.

ಕೊನೆಗೆ ಎರಡನ್ನೂ ಇಟ್ಟೆ. ಮನಸ್ಸು ಒಪ್ಪದೆ, ಉಳಿದಿದ್ದ ಒಂದು ಸಿಗಾರನ್ನೂ ಇಟ್ಟೆ. ಹಿರಿಯರು ಬಂದು ಉಣ್ಣಲೆಂದು ಬಾಗಿಲೆಳೆದು ಎಲ್ಲರೂ ಹೊರಗೆ ಬಂದೆವು. ಮನೆಯವರೆಲ್ಲ ಕೈಮುಗಿದು ನಿಂತಿದ್ದಾಗ ನನಗೆ ಮಾತ್ರ ಸಿಟ್ಟು ಇಳಿಯಲೇ ಇಲ್ಲ. “ಹೇಳಿ ಹೋಗೋಕೆ ಏನಾಗಿತ್ತು ಮಾವ ನಿಮಗೆ?” ಎಂದು ಮುಚ್ಚಿದ ಬಾಗಿಲಿಗೆ ಗದರಿದೆ.